ಅಪ್ಪಯ್ಯನ ಫೋನ್ ಕಳೆದಿದೆ, ಜಿಮೇಲ್ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಹುಡುಕೋದು ಹೇಗೆ?

ಆವಿನಹಳ್ಳಿ ಮಾಣಿ · ಶನಿವಾರ ರಾತ್ರಿ 8:12
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ಅಪ್ಪಯ್ಯ ಇವತ್ತು ಅಡಿಕೆ ಮಂಡಿ ಕೆಲಸಕ್ಕೆ ಸಾಗರಕ್ಕೆ ಹೋಗಿದ್ದರು. ಸಂಜೆ ಪ್ರೈವೇಟ್ ಬಸ್ಸಲ್ಲಿ ಬಂದು ಆವಿನಹಳ್ಳಿಯಲ್ಲಿ ಇಳಿದಿದ್ದಾರೆ. ಮನೆಗೆ ಬಂದು ಜೇಬು ನೋಡಿದರೆ ಫೋನ್ ಇಲ್ಲ. ಬಸ್ಸಲ್ಲಿ ಬಿತ್ತೋ, ಮಂಡಿಯಲ್ಲೇ ಬಿಟ್ಟರೋ, ಯಾರಾದರೂ ಎತ್ತಿದರೋ ಗೊತ್ತಿಲ್ಲ. ಏಳು ಗಂಟೆಯವರೆಗೆ ರಿಂಗ್ ಆಗುತ್ತಿತ್ತು, ಯಾರೂ ತೆಗೆಯಲಿಲ್ಲ. ಈಗ ಕಾಲ್ ಹೋಗುತ್ತಲೇ ಇಲ್ಲ.

ರೆಡ್‌ಮಿ ಫೋನ್. ನಾನು ಬೆಂಗಳೂರಲ್ಲಿದ್ದೇನೆ. ಗೂಗಲ್‌ನಲ್ಲೇ ಹುಡುಕುವ ವ್ಯವಸ್ಥೆ ಇದೆ ಅಂತ ಗೊತ್ತು, ಆದರೆ ಅದಕ್ಕೆ ಜಿಮೇಲ್ ಬೇಕಲ್ವಾ? ಅಪ್ಪಯ್ಯನನ್ನು ಕೇಳಿದರೆ "ಅಂಗಡಿ ಹುಡುಗ ಏನೋ ಹಾಕಿ ಕೊಟ್ಟ, ನನಗೇನು ಗೊತ್ತು" ಅನ್ನುತ್ತಾರೆ. ಸ್ಕ್ರೀನ್ ಲಾಕ್ ಕೂಡ ಇಲ್ಲ. ನಂಬರ್ ಹಾಕಿದರೆ ಲೊಕೇಶನ್ ತೋರಿಸುವ ಆ್ಯಪ್ ಒಂದಿದೆ ಅಂತ ಫ್ರೆಂಡ್ ಕಳಿಸಿದ್ದಾನೆ. 199 ರೂಪಾಯಿ ಕೇಳುತ್ತಿದೆ. ಹಾಕಲಾ?

ಮೆಜೆಸ್ಟಿಕ್ ಮಂಜ · 8:15
ಹಾಕಬೇಡಿ ಮಾರಾಯ್ರೇ.

ಶಾಲ್ಮಲಾ · 8:19
ಖಂಡಿತ ಬೇಡ. ಬರೀ ನಂಬರ್ ಹಾಕಿದರೆ ಫೋನ್ ಎಲ್ಲಿದೆ ಅಂತ ಹೇಳುವ ಆ್ಯಪ್ ಜನಸಾಮಾನ್ಯರಿಗೆ ಇಲ್ಲವೇ ಇಲ್ಲ. ಯಾವ ಟವರ್ ಕೆಳಗೆ ಇದೆ ಅನ್ನುವುದು ಸಿಮ್ ಕಂಪನಿಗೆ ಗೊತ್ತಿರುತ್ತದೆ. ಅವರು ಅದನ್ನು ಪೊಲೀಸರಿಗೆ ಕೊಡುತ್ತಾರೆ, ನಮಗಲ್ಲ. ಈ ಆ್ಯಪ್‌ಗಳು ಹೆಚ್ಚೆಂದರೆ "ಕರ್ನಾಟಕ ಸರ್ಕಲ್" ಅಂತ ತೋರಿಸಿ ದುಡ್ಡು ಇಟ್ಟುಕೊಳ್ಳುತ್ತವೆ. ಜೊತೆಗೆ ನಿಮ್ಮ ಕಾಂಟ್ಯಾಕ್ಟ್ಸ್, ಮೆಸೇಜ್ ಎಲ್ಲದಕ್ಕೂ ಪರ್ಮಿಶನ್ ಕೇಳುತ್ತವೆ.

ಎರಡು ಪ್ರಶ್ನೆ. ಕಾಲ್ ಮಾಡಿದಾಗ "ಸ್ವಿಚ್ ಆಫ್ ಆಗಿದೆ" ಅನ್ನುತ್ತದೋ, "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅನ್ನುತ್ತದೋ? ಫೋನಲ್ಲಿ ನೆಟ್ ಯಾವಾಗಲೂ ಆನ್ ಇರುತ್ತಿತ್ತಾ?

ಸಿಮ್ ಸಿದ್ದಣ್ಣ · 8:22
ಇದೆಲ್ಲ ಆಮೇಲೆ. ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸಿಮ್ ಬ್ಲಾಕ್ ಮಾಡಿಸಿ. ಸ್ಕ್ರೀನ್ ಲಾಕ್ ಇಲ್ಲ ಅಂತೀರಿ. ಈ ಹೊತ್ತಿಗೆ ಯಾರ ಕೈಯಲ್ಲಿದೆಯೋ. ಫೋನ್ ಹತ್ತು ಸಾವಿರದ್ದು, ಅಕೌಂಟಲ್ಲಿ ಅಡಿಕೆ ದುಡ್ಡು ಎಷ್ಟಿದೆ ಯೋಚನೆ ಮಾಡಿ.

ಕರಾವಳಿ ಕಾಗೆ · 8:24
ಸಿಮ್ ಬ್ಲಾಕ್ ಮಾಡಿದರೆ ಆ ಫೋನಿಗೆ ನೆಟ್ ಎಲ್ಲಿಂದ ಬರುತ್ತೆ ಸಿದ್ದಣ್ಣ? ಬಸ್ಸಲ್ಲಿ ವೈಫೈ ಇದೆಯಾ? ನೆಟ್ ಇಲ್ಲದಿದ್ದರೆ ಹೊಸ ಲೊಕೇಶನ್ ಬರಲ್ಲ, ರಿಂಗ್ ಮಾಡಿಸೋಕೂ ಆಗಲ್ಲ. ಹುಡುಕುವ ದಾರಿಯನ್ನು ನೀವೇ ಮುಚ್ಚುತ್ತಿದ್ದೀರಿ.

ಸಿಮ್ ಸಿದ್ದಣ್ಣ · 8:27
ದುಡ್ಡು ಹೋದಮೇಲೆ ದಾರಿ ತೆಗೆದುಕೊಂಡು ಏನು ಮಾಡ್ತೀರಿ? ಯುಪಿಐ ಪಿನ್ ಗೊತ್ತಿಲ್ಲದಿದ್ದರೆ ಏನೂ ಆಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಎಕ್ಸ್‌ಪೈರಿ, ಒಂದು ಓಟಿಪಿ ಇದ್ದರೆ ಹೊಸ ಪಿನ್ ಹಾಕಬಹುದು. ಓಟಿಪಿ ಬರುವುದು ಅದೇ ಸಿಮ್‌ಗೆ. ಕಾರ್ಡ್ ಎಲ್ಲಿರುತ್ತೆ? ನಮ್ಮ ಊರಿನ ಹಿರಿಯರದ್ದು ಫೋನಿನ ಫ್ಲಿಪ್ ಕವರ್ ಒಳಗೇ ಇರುತ್ತೆ. ನನ್ನ ಮೊಬೈಲ್ ಅಂಗಡಿಯಲ್ಲಿ ದಿನಾ ನೋಡ್ತೀನಿ.

ಆವಿನಹಳ್ಳಿ ಮಾಣಿ · 8:33
ಎಟಿಎಂ ಕಾರ್ಡ್ ಮನೆಯಲ್ಲೇ ಇದೆ, ಅಮ್ಮ ನೋಡಿದರು. ಫೋನಲ್ಲಿ ಯುಪಿಐ ಹಾಕಿಯೇ ಇಲ್ಲ. ಮಂಡಿ ದುಡ್ಡು ಎಲ್ಲ ಚೆಕ್. ನೆಟ್ ಯಾವಾಗಲೂ ಆನ್, ಇಲ್ಲದಿದ್ದರೆ ವಾಟ್ಸಾಪ್ ಬರಲ್ಲ ಅಂತ ಅವರಿಗೆ ಗೊತ್ತು.

"ವ್ಯಾಪ್ತಿ ಪ್ರದೇಶದಿಂದ ಹೊರಗೆ" ಅಂತಲೇ ಬರ್ತಿದೆ. ಅದರಲ್ಲಿ ವ್ಯತ್ಯಾಸ ಇದೆಯಾ?

ಶಾಲ್ಮಲಾ · 8:36
ಇರಬಹುದು. ಕಳ್ಳ ಕೈಗೆ ಸಿಕ್ಕ ಫೋನನ್ನು ಮೊದಲು ಆಫ್ ಮಾಡುತ್ತಾನೆ. ಆಗ ಸಾಮಾನ್ಯವಾಗಿ ಸ್ವಿಚ್ ಆಫ್ ಅಂತ ಬರಬೇಕು. ನೂರಕ್ಕೆ ನೂರು ನಂಬುವ ಹಾಗಿಲ್ಲ, ಬ್ಯಾಟರಿ ಕಿತ್ತರೆ ಬೇರೆ ಮಾತು ಬರುತ್ತೆ ಅನ್ನುವವರೂ ಇದ್ದಾರೆ. ಈಗಿನ ಫೋನಲ್ಲಿ ಬ್ಯಾಟರಿ ಕೀಳುವುದು ಅಷ್ಟು ಸುಲಭ ಅಲ್ಲ ಬಿಡಿ. ಸಿಗ್ನಲ್ ಇಲ್ಲದ ಕಡೆಗೆ ಫೋನ್ ತಾನೇ ಪ್ರಯಾಣ ಮಾಡಿರಬಹುದು ಅಂತ ನನ್ನ ಊಹೆ. ಆ ಬಸ್ ಆವಿನಹಳ್ಳಿ ಆದಮೇಲೆ ಎಲ್ಲಿಗೆ ಹೋಗುತ್ತೆ?

ಆವಿನಹಳ್ಳಿ ಮಾಣಿ · 8:38
ಹೊಳೆಬಾಗಿಲು ದಾಟಿ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ರಾತ್ರಿ ಅಲ್ಲೇ ಹಾಲ್ಟ್.

ಕರಾವಳಿ ಕಾಗೆ · 8:39
ತುಮರಿ ಕಡೆ ಅಂದಮೇಲೆ ಸಿಗ್ನಲ್ ಕಥೆ ಕೇಳೋದೇ ಬೇಡ. ಉಳಿದದ್ದು ಜಿಮೇಲ್ ಒಂದೇ.

ಮೆಜೆಸ್ಟಿಕ್ ಮಂಜ · 8:43
ಜಿಮೇಲ್ ಸಿಕ್ಕರೆ ಮುಂದಿನದು ಸುಲಭ. ಬ್ರೌಸರ್‌ನಲ್ಲಿ ಆಂಡ್ರಾಯ್ಡ್.ಕಾಮ್/ಫೈಂಡ್ ತೆರೆದು ಲಾಗಿನ್ ಆಗಿ. ಮೊದಲು ಫೈಂಡ್ ಮೈ ಡಿವೈಸ್ ಅಂತಿತ್ತು, 2025ರಲ್ಲಿ ಫೈಂಡ್ ಹಬ್ ಅಂತ ಹೆಸರು ಬದಲಾಯಿತು. ಆ್ಯಪ್ ಕೂಡ ಇದೆ, ಎರಡೂ ಫ್ರೀ. ಮ್ಯಾಪ್‌ನಲ್ಲಿ ಫೋನ್ ಇರುವ ಜಾಗ ತೋರಿಸುತ್ತೆ, ಇಲ್ಲದಿದ್ದರೆ ಕೊನೆಗೆ ಕಂಡ ಜಾಗ. ಪ್ಲೇ ಸೌಂಡ್ ಒತ್ತಿದರೆ ಸೈಲೆಂಟಲ್ಲಿದ್ದರೂ ಐದು ನಿಮಿಷ ಜೋರಾಗಿ ಬಡಿದುಕೊಳ್ಳುತ್ತೆ. ಲಾಕ್ ಮಾಡಿ, ಸ್ಕ್ರೀನ್ ಮೇಲೆ ನಿಮ್ಮ ನಂಬರ್ ಬರುವ ಹಾಗೂ ಮಾಡಬಹುದು. ಎಲ್ಲ ಅಳಿಸುವ ಬಟನ್ನೂ ಇದೆ. ಅದನ್ನು ಈಗ ಮುಟ್ಟಬೇಡಿ. ಅಳಿಸಿದರೆ ಆಮೇಲೆ ಮ್ಯಾಪ್‌ನಲ್ಲಿ ಕಾಣಲ್ಲ.

ಗೌರಿಬಿದನೂರು ಗುಂಡ · 8:46
ಗೂಗಲ್ ಮ್ಯಾಪ್ಸ್ ಟೈಮ್‌ಲೈನ್ ಕಂಪ್ಯೂಟರಲ್ಲಿ ನೋಡಿ, ದಿನವಿಡೀ ಎಲ್ಲೆಲ್ಲಿ ಹೋಗಿದ್ದರು ಅಂತ ಗೆರೆ ಎಳೆದು ತೋರಿಸುತ್ತೆ.

ಮೆಜೆಸ್ಟಿಕ್ ಮಂಜ · 8:48
ಅದು ಹಳೆಯ ಕಥೆ ಗುಂಡ. 2024ರ ಕೊನೆಯಿಂದ ಟೈಮ್‌ಲೈನ್ ವಿವರ ಫೋನ್ ಒಳಗೇ ಇರುತ್ತೆ, ವೆಬ್‌ನಲ್ಲಿ ನೋಡುವುದನ್ನು ತೆಗೆದಿದ್ದಾರೆ. ಕಳೆದ ಫೋನಿನ ಟೈಮ್‌ಲೈನ್ ನೋಡಬೇಕಾದರೆ ಕಳೆದ ಫೋನೇ ಬೇಕು.

ಸಿಮ್ ಸಿದ್ದಣ್ಣ · 8:52
ಅಂಗಡಿಯವರು ಜಿಮೇಲ್ ಮಾಡಿದ್ದಾರೆ ಅಂದರೆ ಫೋನಿನ ಡಬ್ಬಿ ನೋಡಿ. ನಾವಂತೂ ಮುಚ್ಚಳದ ಒಳಗೆ ಐಡಿ, ಪಾಸ್‌ವರ್ಡ್ ಬರೆದು ಕೊಡ್ತೀವಿ. ಗಿರಾಕಿಯೇ ಇಟ್ಟುಕೊಳ್ಳಲ್ಲ.

ಕರಾವಳಿ ಕಾಗೆ · 8:54
ಹಾಗಾದರೆ ಜಿಲ್ಲೆಯಲ್ಲಿ ಅರ್ಧ ಜನರ ಪಾಸ್‌ವರ್ಡ್ ನಿಮಗೆ ಗೊತ್ತು ಅನ್ನಿ 😄

ಸಿಮ್ ಸಿದ್ದಣ್ಣ · 8:57
ನಗಬೇಡಿ. ಹಬ್ಬದ ದಿನ ಅಂಗಡಿ ತುಂಬ ಜನ ನಿಂತಿರುತ್ತಾರೆ. "ಇಮೇಲ್ ಹೇಳಿ ಅಜ್ಜ" ಅಂದರೆ "ನಿಂದೇ ಹಾಕಪ್ಪ" ಅಂತಾರೆ. ಆಮೇಲೆ ವಾಟ್ಸಾಪ್ ಬ್ಯಾಕಪ್ ಬರಲಿಲ್ಲ, ಫೋಟೋ ಹೋಯ್ತು ಅಂತ ನಮ್ಮ ಮೇಲೇ ಕೂಗಾಡ್ತಾರೆ. ಕೂತು ಕಲಿಸೋಕೆ ಮನೆಯ ಮಕ್ಕಳಿಗೇ ಪುರುಸೊತ್ತಿಲ್ಲ, ಅಂಗಡಿ ಹುಡುಗನಿಗೆ ಎಲ್ಲಿರುತ್ತೆ?

ಆವಿನಹಳ್ಳಿ ಮಾಣಿ · 9:01
ಡಬ್ಬಿ ಸಿಕ್ಕಿತು, ತಂಗಿ ಬಳೆ ಇಟ್ಟುಕೊಂಡಿದ್ದಾಳೆ. ಪಾಸ್‌ವರ್ಡ್ ಏನೂ ಇಲ್ಲ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಸ್ಟಿಕ್ಕರ್ ಮಾತ್ರ ಇದೆ.

ಶಾಲ್ಮಲಾ · 9:04
ಸ್ಟಿಕ್ಕರ್ ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ಸಿಮ್ ಫೋನಾದರೆ ಎರಡು ನಂಬರ್ ಇರುತ್ತೆ, ಎರಡೂ ಬೇಕಾಗುತ್ತೆ.

ಇನ್ನೊಂದು ವಿಷಯ. ಅಮ್ಮನಿಗೂ ಸ್ಮಾರ್ಟ್‌ಫೋನ್ ಇದೆಯಾ? ಅದೇ ಅಂಗಡಿಯದ್ದಾ? ಅಪ್ಪಯ್ಯ ಸೇವ್ ಮಾಡಿದ ನಂಬರ್‌ಗಳು ಅಮ್ಮನ ಫೋನಲ್ಲೂ ತಾವಾಗಿಯೇ ಬರುತ್ತವಾ?

ಆವಿನಹಳ್ಳಿ ಮಾಣಿ · 9:06
ಹೌದು!! ಅಮ್ಮ ಅದಕ್ಕೇ ಬೈತಾ ಇರ್ತಾರೆ. "ಕೊನೆಗೌಡನ ನಂಬರ್, ಗೊಬ್ಬರದ ಅಂಗಡಿ ನಂಬರ್ ಎಲ್ಲ ನನ್ನ ಫೋನಲ್ಲಿ ಯಾಕೆ" ಅಂತ. ನಿಮಗೆ ಹೇಗೆ ಗೊತ್ತಾಯ್ತು?

ಶಾಲ್ಮಲಾ · 9:08
ಎರಡೂ ಫೋನಿಗೆ ಅಂಗಡಿಯವರು ಒಂದೇ ಜಿಮೇಲ್ ಹಾಕಿದ್ದಾರೆ. ನಮ್ಮ ಶಾಲೆಯ ಪೋಷಕರಲ್ಲಿ ಇದು ಸಾಮಾನ್ಯ. ಗಂಡನಿಗೆ ಕಳಿಸಿದ ಮೇಲ್ ಹೆಂಡತಿ ಓದಿರುತ್ತಾರೆ. ಅಮ್ಮನ ಫೋನಲ್ಲಿ ಪ್ಲೇ ಸ್ಟೋರ್‌ನಿಂದ ಫೈಂಡ್ ಹಬ್ ಹಾಕಿಸಿ ತೆರೆಯಲು ಹೇಳಿ. ಅಪ್ಪಯ್ಯನ ರೆಡ್‌ಮಿಯ ಹೆಸರು ಪಟ್ಟಿಯಲ್ಲಿ ಬರಬೇಕು.

ಧಾರವಾಡ ಪೇಡೆ · 9:10
ಶಾಲ್ಮಲಾ ಟೀಚರ್‌ನ ಸಿಐಡಿಗೆ ಸೇರಿಸ್ರಿ.

ಆವಿನಹಳ್ಳಿ ಮಾಣಿ · 9:31
ಬಂತು! ವೀಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಹೇಳಿಕೊಟ್ಟು ಮಾಡಿಸುವಷ್ಟರಲ್ಲಿ ಸಾಕಾಯ್ತು. ಎರಡು ಫೋನ್ ತೋರಿಸ್ತಿದೆ. ಅಪ್ಪಯ್ಯನದ್ದು ಕೊನೆಗೆ ಕಂಡದ್ದು ಸಂಜೆ ಏಳರ ಹೊತ್ತಿಗೆ, ಹೊಳೆಬಾಗಿಲು ಹತ್ತಿರ. ಆಮೇಲೆ ಆಫ್‌ಲೈನ್.

ಕರಾವಳಿ ಕಾಗೆ · 9:33
ಅಂದರೆ ಬಸ್ಸಲ್ಲೇ ಇದೆ. ಸೇತುವೆ ದಾಟಿ ಆಚೆ ಹೋಗಿ ಮಲಗಿದೆ. 2025ರ ಜುಲೈಗೆ ಮೊದಲಾಗಿದ್ದರೆ ಸೇತುವೆ ಇರಲಿಲ್ಲ, ಅದೂ ಲಾಂಚ್‌ಗೆ ಕಾಯಬೇಕಿತ್ತು.

ಸಿಮ್ ಸಿದ್ದಣ್ಣ · 9:35
ಅಥವಾ ಪಕ್ಕದ ಸೀಟಿನವನ ಜೇಬಲ್ಲಿ ಸೇತುವೆ ದಾಟಿದೆ. ಈಗಲಾದರೂ ಸಿಮ್ ಬ್ಲಾಕ್ ಮಾಡಿ.

ಮೆಜೆಸ್ಟಿಕ್ ಮಂಜ · 9:38
ಇವರ ವಿಷಯದಲ್ಲಿ ಬೆಳಿಗ್ಗೆಯವರೆಗೆ ಕಾಯಬಹುದು ಅಂತ ನನ್ನ ಮತ. ಯುಪಿಐ ಇಲ್ಲ, ಕಾರ್ಡ್ ಮನೆಯಲ್ಲಿದೆ. ಬಸ್ ವಾಪಸ್ ಬರುವಾಗ ಸಿಗ್ನಲ್ ಸಿಗುತ್ತೆ, ಆಗ ಸೌಂಡ್ ಮಾಡಿಸಿ. ಯುಪಿಐ ಇರುವ, ಲಾಕ್ ಇಲ್ಲದ ಫೋನಾಗಿದ್ದರೆ ಸಿದ್ದಣ್ಣ ಹೇಳಿದ್ದೇ ಸರಿ. ಅಲ್ಲಿ ಹೀರೋಗಿರಿ ಬೇಡ. ದುಡ್ಡು ಹೋಗಿದ್ದು ಗೊತ್ತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್.

ಧಾರವಾಡ ಪೇಡೆ · 9:41
ಅಮ್ಮಗ ಲಾಕ್ ಬಟನ್ ಒತ್ತಾಕ ಹೇಳ್ರಿ ಈಗಲೇ. ಫೋನ್ ನೆಟ್‌ಗೆ ಬಂದ ಕೂಡಲೇ ಲಾಕ್ ಆಗ್ತದ. ಮೆಸೇಜ್‌ನ್ಯಾಗ "ಈ ಫೋನ್ ಸಿಕ್ಕವರು ದಯವಿಟ್ಟು ಈ ನಂಬರಿಗೆ ಕರೆ ಮಾಡಿ" ಅಂತ ಕನ್ನಡದಾಗ ಬರೀರಿ. ಕಂಡಕ್ಟರಿಗೆ ಸಿಕ್ಕಿದ್ರ ಓದ್ತಾನ.

ಗೌರಿಬಿದನೂರು ಗುಂಡ · 9:47
ನೆಟ್ ಇಲ್ಲದೆಯೂ ಹುಡುಕುತ್ತೆ ಅಂತಾರಲ್ಲ? ಸುತ್ತಮುತ್ತಲಿನ ಬೇರೆಯವರ ಫೋನ್‌ಗಳು ಬ್ಲೂಟೂತ್‌ನಲ್ಲಿ ಪತ್ತೆ ಮಾಡ್ತವಂತೆ.

ಮೆಜೆಸ್ಟಿಕ್ ಮಂಜ · 9:55
ಮಾಡುತ್ತವೆ. ಆಪಲ್‌ನವರು 2019ರಲ್ಲಿ ತಂದರು, ಗೂಗಲ್ 2024ರಲ್ಲಿ. ಕಳೆದ ಫೋನ್ ಬ್ಲೂಟೂತ್‌ನಲ್ಲಿ ಸದ್ದಿಲ್ಲದೆ ಕೂಗುತ್ತಿರುತ್ತೆ. ಪಕ್ಕದಲ್ಲಿ ಹಾದುಹೋಗುವ ಯಾರದ್ದೋ ಆಂಡ್ರಾಯ್ಡ್ ಅದನ್ನು ಕೇಳಿಸಿಕೊಂಡು ಜಾಗವನ್ನು ಗುಟ್ಟಾಗಿ ಕಳಿಸುತ್ತೆ, ಆ ಮನುಷ್ಯನಿಗೆ ಗೊತ್ತೇ ಆಗಲ್ಲ. ಆಂಡ್ರಾಯ್ಡ್ 9 ಅಥವಾ ಮೇಲಿನದು ಇರಬೇಕು.

ಹಳ್ಳಿಯವರಿಗೆ ಒಂದು ತೊಡಕು ಇದೆ. ಕಂಪನಿ ಇಟ್ಟು ಕೊಡುವ ಆಯ್ಕೆ "ಹೆಚ್ಚು ಜನ ಓಡಾಡುವ ಜಾಗದಲ್ಲಿ ಮಾತ್ರ" ಅಂತ. ಒಂದೇ ಒಂದು ಫೋನ್ ಪಕ್ಕದಲ್ಲಿ ಹೋದರೆ ಸಾಲದು, ಹಲವಾರು ಫೋನ್ ಕಂಡರೆ ಮಾತ್ರ ತೋರಿಸುತ್ತೆ. ಮೆಜೆಸ್ಟಿಕ್ಕಿಗೆ ಅದು ಸರಿ. ತುಮರಿಯಲ್ಲಿ ರಾತ್ರಿ ನಿಂತ ಬಸ್ಸಿನ ಪಕ್ಕ ಯಾರು ಓಡಾಡ್ತಾರೆ? ಸೆಟ್ಟಿಂಗ್ಸ್, ಗೂಗಲ್, ಫೈಂಡ್ ಹಬ್ ಒಳಗೆ ಹೋಗಿ "ಎಲ್ಲ ಜಾಗದಲ್ಲೂ" ಅಂತ ಬದಲಾಯಿಸಿಕೊಳ್ಳಿ. ಇದು ಕಳೆಯುವ ಮೊದಲು ಮಾಡುವ ಕೆಲಸ.

ಕುಂದಾಪ್ರ ಕುಸುಮ · 10:04
ನಮ್ಮ ಅತ್ತೆಯದ್ದು ಒಂದು ಕೇಳಿ. ಹಾಲು ಕರೆಯುವಾಗ ಕೊಟ್ಟಿಗೆಯ ಕಿಟಕಿ ಮೇಲೆ ಫೋನ್ ಇಟ್ಟಿದ್ದಾರೆ. ಅದು ಜಾರಿ ದನದ ಕಾಲಡಿ ಹಾಸಿದ ಸೊಪ್ಪಿನ ಒಳಗೆ ಹೋಗಿದೆ. ಪೂಜೆಗೆ ಅಂತ ಸೈಲೆಂಟ್ ಮಾಡಿದ್ದರು. ಮನೆ ಎಲ್ಲ ಹುಡುಕಿ, ಕೆಲಸದವಳ ಮೇಲೆ ಅನುಮಾನ ಬರುವಲ್ಲಿಗೆ ಬಂದಿತ್ತು ಕಥೆ. ಯಜಮಾನ್ರು ಸೌಂಡ್ ಒತ್ತಿದ್ದೇ ತಡ, ಸೊಪ್ಪಿನ ಅಡಿಯಿಂದ ರಿಂಗು! ದನ ಹಗ್ಗ ಕಿತ್ತುಕೊಂಡು ತೋಟಕ್ಕೆ ಓಡಿತು. ಫೋನ್ ಸಿಕ್ಕಿತು, ದನ ಹುಡುಕೋಕೆ ಸಂಜೆ ಆಯ್ತು.

ಕರಾವಳಿ ಕಾಗೆ · 10:06
ದನಕ್ಕೊಂದು ಏರ್‌ಟ್ಯಾಗ್ ಕಟ್ಟಿ.

ಜಯನಗರ ನಾಲ್ಕನೇ ಬ್ಲಾಕ್ · 10:15
ಐಫೋನ್ ಇರುವವರಿಗೆ ಒಂದು ಮಾತು. ನನ್ನದು ಕಡಲೆಕಾಯಿ ಪರಿಷೆಯ ನೂಕುನುಗ್ಗಲಲ್ಲಿ ಹೋಯಿತು. ಐಕ್ಲೌಡ್.ಕಾಮ್/ಫೈಂಡ್‌ನಲ್ಲಿ ಲಾಗಿನ್ ಆದೆ. ಅಲ್ಲಿ ಓಟಿಪಿ ಕೇಳಲ್ಲ, ಪಾಸ್‌ವರ್ಡ್ ಸಾಕು. ಕಳೆದ ಫೋನನ್ನು ಲಾಕ್ ಮಾಡುವ ಲಾಸ್ಟ್ ಮೋಡ್ ಹಾಕಿದೆ. ಚುಕ್ಕೆ ಕೆಲವು ದಿನ ಬೆಂಗಳೂರಲ್ಲೇ ಓಡಾಡಿತು, ಕೊನೆಗೆ ಕಂಡದ್ದು ಚೀನಾದ ಶೆನ್‌ಜೆನ್‌ನಲ್ಲಿ.

ಅದರ ಮಧ್ಯೆ ಮೆಸೇಜ್ ಬರೋಕೆ ಶುರು. "ನಿಮ್ಮ ಐಫೋನ್ ಸಿಕ್ಕಿದೆ, ಜಾಗ ನೋಡಲು ಇಲ್ಲಿ ಒತ್ತಿ." ಥೇಟ್ ಆಪಲ್‌ನದ್ದೇ ಪುಟದ ಹಾಗೆ ಕಾಣುತ್ತೆ. ಪಾಸ್‌ವರ್ಡ್ ಹಾಕಿದರೆ ಮುಗೀತು, ಅವರು ಫೋನನ್ನು ನಿಮ್ಮ ಅಕೌಂಟಿಂದ ಬಿಡಿಸಿಕೊಳ್ಳುತ್ತಾರೆ. 2013ರಿಂದ ಇರುವ ಆಕ್ಟಿವೇಶನ್ ಲಾಕ್ ದೆಸೆಯಿಂದ ಆ ಪಾಸ್‌ವರ್ಡ್ ಇಲ್ಲದೆ ಅದು ಅವರಿಗೆ ಬರೀ ಬಿಡಿಭಾಗದ ಡಬ್ಬಿ. ಫೈಂಡ್ ಮೈನಿಂದ ರಿಮೂವ್ ಮಾಡಿ ಅಂತ ಯಾರು ಎಷ್ಟೇ ನಯವಾಗಿ ಕೇಳಿದರೂ ಮಾಡಬೇಡಿ. ನಾನು ಮಾಡಲಿಲ್ಲ. ಫೋನ್ ಬರಲಿಲ್ಲ, ಅವನಿಗೂ ದಕ್ಕಲಿಲ್ಲ.

ಗೌರಿಬಿದನೂರು ಗುಂಡ · 10:19
ಚುಕ್ಕೆ ಬೆಂಗಳೂರಲ್ಲಿ ಇದ್ದಾಗ ಹೋಗಿ ಹಿಡೀಬೇಕಿತ್ತು!

ಜಯನಗರ ನಾಲ್ಕನೇ ಬ್ಲಾಕ್ · 10:22
ಐದು ಅಂತಸ್ತಿನ ಪಿಜಿ ಕಟ್ಟಡದ ಮೇಲೆ ಚುಕ್ಕೆ ಇತ್ತು. ಯಾವ ಬಾಗಿಲು ತಟ್ಟಲಿ? ಚುಕ್ಕೆಯ ಸುತ್ತ ಒಂದು ವೃತ್ತ ಇರುತ್ತಲ್ಲ, ಅಷ್ಟರೊಳಗೆ ಎಲ್ಲಾದರೂ ಇರಬಹುದು ಅಂತ ಅರ್ಥ. ಪಕ್ಕದ ಮನೆಯೂ ಆಗಿರಬಹುದು. ಒಬ್ಬರೇ ಹೋಗಿ ಜಗಳ ಮಾಡುವುದಕ್ಕಿಂತ 112ಕ್ಕೆ ಕಾಲ್ ಮಾಡಿ ಪೊಲೀಸರ ಜೊತೆ ಹೋಗೋದು ಕ್ಷೇಮ.

ಮೆಜೆಸ್ಟಿಕ್ ಮಂಜ · 10:27
ಓಟಿಪಿ ಮಾತು ಬಂತಲ್ಲ, ಆಂಡ್ರಾಯ್ಡ್‌ನವರು ಬೀಳುವ ಗುಂಡಿ ಇದೇ. ಟೂ ಸ್ಟೆಪ್ (ಪಾಸ್‌ವರ್ಡ್ ಆದಮೇಲೆ ಇನ್ನೊಂದು ತಪಾಸಣೆ) ಹಾಕಿರುತ್ತೀರಿ. ಫೋನ್ ಕಳೆದಾಗ ಬೇರೆ ಕಡೆ ಲಾಗಿನ್ ಆಗೋಕೆ ಹೋದರೆ "ನಿಮ್ಮ ಫೋನಲ್ಲಿ ಯೆಸ್ ಒತ್ತಿ" ಅನ್ನುತ್ತೆ. ಗೂಗಲ್ ಅಕೌಂಟಲ್ಲಿ ಬ್ಯಾಕಪ್ ಕೋಡ್ ಅಂತ ಹತ್ತು ಕೊಡ್ತಾರೆ, ಬರೆದು ಪರ್ಸಲ್ಲಿಟ್ಟುಕೊಳ್ಳಿ. ಆಂಡ್ರಾಯ್ಡ್.ಕಾಮ್/ಲಾಕ್ ಅಂತಲೂ ಇದೆ. ಅಲ್ಲಿ ಪಾಸ್‌ವರ್ಡ್ ಬೇಡ, ಫೋನ್ ನಂಬರ್ ಹಾಕಿದರೆ ಸ್ಕ್ರೀನ್ ಲಾಕ್ ಆಗುತ್ತೆ. ಮೊದಲೇ ಸೆಟ್ಟಿಂಗ್ಸಲ್ಲಿ ರಿಮೋಟ್ ಲಾಕ್ ಆನ್ ಮಾಡಿರಬೇಕು, ಫೋನಿಗೆ ಪಿನ್ ಇರಬೇಕು ಅಷ್ಟೇ.

ಧಾರವಾಡ ಪೇಡೆ · 10:38
ಪೊಲೀಸ್ ಅಂದಕೂಡಲೆ "ಸುಮ್ನೆ ಟೈಮ್ ವೇಸ್ಟ್" ಅನ್ನೋರು ಬರ್ತಾರ, ಅದಕ್ಕ ಮೊದಲೇ ಹೇಳ್ತೀನಿ. ನಮ್ಮ ತಮ್ಮನ ಫೋನ್ ಸಂತ್ಯಾಗ ಹೋಗಿತ್ತು. ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನ್ಯಾಗ ಸಿಇಐಆರ್ ಅಂತ ಐತಲ್ಲ, ಅಲ್ಲಿ ಐಎಂಇಐ ಬ್ಲಾಕ್ ಮಾಡಿಸಿದ್ವಿ. ದೇಶದ ತುಂಬ 2023ರ ಮೇ ತಿಂಗಳಿಂದ ಐತಿ. ದೂರಿನ ಪ್ರತಿ, ಐಡಿ ಕಾರ್ಡು, ಓಟಿಪಿ ಬರಾಕ ಒಂದು ನಂಬರು ಬೇಕು. ಬಿಲ್ ಇದ್ರ ಚಲೋ. ನಾವು ಮರ್ತೇ ಬಿಟ್ಟಿದ್ವಿ, ಆಮ್ಯಾಲೆ ಸ್ಟೇಷನ್‌ನಿಂದ ಫೋನ್ ಬಂತು, ಬಂದು ತಗೊಂಡು ಹೋಗ್ರಿ ಅಂತ.

ಗೌರಿಬಿದನೂರು ಗುಂಡ · 10:41
ಅಲ್ಲಿ ನಾವೇ ಲೈವ್ ಲೊಕೇಶನ್ ನೋಡಬಹುದಾ?

ಶಾಲ್ಮಲಾ · 10:44
ಇಲ್ಲ. ನಿಮ್ಮ ಮನವಿ ಯಾವ ಹಂತದಲ್ಲಿದೆ ಅಂತ ಮಾತ್ರ ಕಾಣುತ್ತೆ. ಆ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಮಾಹಿತಿ ಪೊಲೀಸರಿಗೆ ಹೋಗುತ್ತೆ. ಫೋನ್ ಸಿಕ್ಕಮೇಲೆ ಅಲ್ಲೇ ಅನ್‌ಬ್ಲಾಕ್ ಮಾಡಿಸಬೇಕು, ಇಲ್ಲದಿದ್ದರೆ ನಿಮ್ಮ ಸಿಮ್ಮೇ ಅದರಲ್ಲಿ ಓಡಲ್ಲ. ಕಳ್ಳತನ ಅಲ್ಲ, ಬರೀ ಕಳೆದದ್ದು ಅಂದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ಆನ್‌ಲೈನಾಗಿಯೇ ದೂರು ಕೊಡಬಹುದು. ಫೋನ್ ರೈಲಲ್ಲಿ ಕಳೆದರೆ 139ಕ್ಕೆ ಕಾಲ್ ಮಾಡಿ.

ಇನ್ನೊಂದು ಉಪಯೋಗ: ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವ ಮೊದಲು ಕೆವೈಎಂ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕದ್ದ ಮಾಲಾ ಅಂತ ಗೊತ್ತಾಗುತ್ತೆ. ಐಎಂಇಐ ನೋಡೋಕೆ *#06# ಒತ್ತಿದರೆ ಸಾಕು.

ಕರಾವಳಿ ಕಾಗೆ · 10:49
ಅದೇ ಸಂಚಾರ್ ಸಾಥಿಯ ಆ್ಯಪನ್ನೇ ಅಲ್ವಾ ಸರ್ಕಾರದವರು ಎಲ್ಲ ಹೊಸ ಫೋನಿಗೂ ಕಡ್ಡಾಯವಾಗಿ ಹಾಕ್ತೀವಿ ಅಂತ 2025ರ ಕೊನೆಯಲ್ಲಿ ಹೊರಟು, ಗಲಾಟೆ ಆದಮೇಲೆ ವಾಪಸ್ ತಗೊಂಡಿದ್ದು? ಫೋನ್ ಹುಡುಕೋರು ನಮ್ಮನ್ನೂ ಹುಡುಕ್ತಾರೆ.

ಸಿಮ್ ಸಿದ್ದಣ್ಣ · 10:51
ದಿನವಿಡೀ ಲೊಕೇಶನ್ ಗೂಗಲ್‌ಗೆ ಕೊಡ್ತೀರಿ, ಸರ್ಕಾರ ಕೇಳಿದರೆ ಮಾತ್ರ ನೋವು.

ಕರಾವಳಿ ಕಾಗೆ · 10:52
ಗೂಗಲ್ ನನ್ನನ್ನು ಜೈಲಿಗೆ ಹಾಕಲ್ಲ ಸಿದ್ದಣ್ಣ.

ನಿರ್ವಾಹಕ · 10:58
ರಾಜಕೀಯಕ್ಕೆ ಬೇರೆ ವಿಭಾಗ ಇದೆ. ಇಲ್ಲಿ ಫೋನ್ ಮಾತ್ರ.

ಆವಿನಹಳ್ಳಿ ಮಾಣಿ · ಭಾನುವಾರ ಬೆಳಿಗ್ಗೆ 8:20
ಸಿಕ್ಕಿತು!! ಬೆಳಿಗ್ಗೆ ಅಮ್ಮನ ಫೋನಲ್ಲಿ ಚುಕ್ಕೆ ಮತ್ತೆ ಜೀವ ಬಂದ ಹಾಗೆ ಹೊಳೆಬಾಗಿಲಿಂದ ಈಚೆಗೆ ಚಲಿಸತೊಡಗಿತು. ಬಸ್ ಬರುವ ಹೊತ್ತಿಗೆ ಅಪ್ಪಯ್ಯ ಸ್ಟಾಪಲ್ಲಿ ನಿಂತಿದ್ದರು, ಅಮ್ಮ ಮನೆಯಿಂದಲೇ ಸೌಂಡ್ ಒತ್ತಿದರು. ಹಿಂದಿನ ಸೀಟಿಗೂ ಬಸ್ಸಿನ ತಗಡಿಗೂ ಮಧ್ಯೆ ಸಿಕ್ಕಿಕೊಂಡಿತ್ತಂತೆ. ಕಂಡಕ್ಟರ್ ಕೈ ಹಾಕಿ ತೆಗೆದುಕೊಟ್ಟರು. ಬ್ಯಾಟರಿ ಶೇ 6 ಇತ್ತು. ಎಲ್ಲರಿಗೂ ಥ್ಯಾಂಕ್ಸ್, ಶಾಲ್ಮಲಾ ಮೇಡಂಗೆ ಜಾಸ್ತಿ.

ಧಾರವಾಡ ಪೇಡೆ · 8:24
ಭಾಳ ಚಲೋ ಆತು.

ಸಿಮ್ ಸಿದ್ದಣ್ಣ · 8:31
ಸಂತೋಷ. ಆದರೆ ಅದೃಷ್ಟ ಅಂತ ಬರೆದಿಟ್ಟುಕೊಳ್ಳಿ. ಇದನ್ನು ಓದಿ ಯುಪಿಐ ಇರುವವರೂ ರಾತ್ರಿಯಿಡೀ ಸಿಮ್ ಬಿಟ್ಟುಕೊಂಡು ಕೂತರೆ ಕಷ್ಟ.

ಮೆಜೆಸ್ಟಿಕ್ ಮಂಜ · 8:40
ಈಗ ಅಪ್ಪಯ್ಯನಿಗೆ ಬೇರೆ ಜಿಮೇಲ್ ಮಾಡಿಕೊಡಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ರಿಕವರಿ ನಂಬರ್ ನಿಮ್ಮದು ಹಾಕಿ, ಸ್ಕ್ರೀನ್ ಲಾಕ್ ಹಾಕಿ.

ಕುಂದಾಪ್ರ ಕುಸುಮ · 8:47
ಯಾಕೆ ಬೇರೆ ಮಾಡ್ಬೇಕು? ಒಂದೇ ಇದ್ದದ್ದಕ್ಕೆ ತಾನೇ ಸಿಕ್ಕಿದ್ದು!

ಶಾಲ್ಮಲಾ · 8:55
ಒಂದೇ ಇದ್ದರೆ ಒಬ್ಬರು ಅಳಿಸಿದ ಫೋಟೋ, ನಂಬರ್ ಇನ್ನೊಬ್ಬರ ಕಡೆಯೂ ಹೋಗುತ್ತೆ. ಅಂಗಡಿಯವರು ಮಾಡಿದ್ದಾದರೆ ಪಾಸ್‌ವರ್ಡ್ ಇನ್ನೂ ಯಾರ ಹತ್ತಿರ ಇದೆಯೋ. ಬೇರೆ ಬೇರೆ ಮಾಡಿ, ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯವರ ಜೊತೆ ಲೊಕೇಶನ್ ಶೇರ್ ಆನ್ ಇಡಿ. ಒಬ್ಬರ ಫೋನ್ ಕಳೆದರೆ ಇನ್ನೊಬ್ಬರಿಗೆ ಕಾಣುತ್ತೆ. ಅಪ್ಪಯ್ಯನನ್ನು ಕೇಳಿ ಮಾಡಿ, ಹೇಳದೆ ಅಲ್ಲ.

ಆವಿನಹಳ್ಳಿ ಮಾಣಿ · 9:10
ಕೇಳಿದೆ. "ನಾನು ಇಸ್ಪೀಟಿಗೆ ಹೋಗಿದ್ದು ನಿನ್ನ ಅಮ್ಮನಿಗೆ ಕಾಣುತ್ತಾ" ಅಂತ ಕೇಳಿದರು. ಯೋಚನೆ ಮಾಡಿ ಹೇಳ್ತಾರಂತೆ.

ಅಡಕೆಗೊನೆ · 9:22
ನಿನ್ನೆ ಮಂಡಿಯಲ್ಲಿ ರಾಶಿ ಇಡಿ ಅಡಿಕೆ ಎಷ್ಟಕ್ಕೆ ಹೋಯ್ತು ಅಂತ ಅಪ್ಪಯ್ಯ ಏನಾದರೂ ಹೇಳಿದರಾ?

ನಿರ್ವಾಹಕ · 9:25
🙏

ಕೀಪ್ಯಾಡ್ ಕೆಂಚಪ್ಪ · ಬುಧವಾರ ಸಂಜೆ 6:05
ಎಲ್ಲ ಓದಿದೆ. ನಂದು ಬಟನ್ ಫೋನ್. ಕಳೆದರೆ ಇದಕ್ಕೆ ಏನಿದೆ?

ಶಾಲ್ಮಲಾ · 6:30
ಮ್ಯಾಪ್, ಸೌಂಡ್ ಅಂತ ಏನೂ ಇಲ್ಲ ಕೆಂಚಪ್ಪನವರೇ. ಐಎಂಇಐ ಅದಕ್ಕೂ ಇರುತ್ತೆ, ಹಾಗಾಗಿ ದೂರು ಕೊಟ್ಟು ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಬಹುದು. ನಂಬರ್‌ಗಳನ್ನು ಎಲ್ಲಿ ಸೇವ್ ಮಾಡಿದ್ದೀರಿ, ಸಿಮ್‌ನಲ್ಲಾ ಫೋನಲ್ಲಾ? ಡೂಪ್ಲಿಕೇಟ್ ಸಿಮ್ ತಗೊಂಡರೆ ನಂಬರ್ ಅದೇ ಸಿಗುತ್ತೆ, ಸೇವ್ ಮಾಡಿದ್ದು ಬರಲ್ಲ.

ಕೀಪ್ಯಾಡ್ ಕೆಂಚಪ್ಪ · 6:41
ಗೋಡೆ ಮೇಲೆ ಬರೆದಿದ್ದೀನಿ ತಾಯಿ.